ಎರಡು ಸುಂಟರಗಾಳಿ, ಒಂದು ಹಗೇವು

ನಗರದ ಪೂರ್ವ ಭಾಗದ ವಿಪತ್ತು ನಿರ್ವಹಣೆಯ ಹೊಣೆ ಹೊತ್ತ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಕಳೆದ ವೈಶಾಖದಲ್ಲಿ ನಮ್ಮ ಕಣದಪಾಳ್ಯದ ಮೇಲೆ ಹಾದುಹೋದದ್ದು ಸುಂಟರಗಾಳಿಯಲ್ಲ, ‘ಸ್ಥಳೀಯ ಬಲಗಾಳಿ’ ಎಂದು ತಾವು ತೀರ್ಮಾನಿಸಿದ್ದೀರಿ. ಆ ಗಾಳಿಯಲ್ಲಿ ಬಲಗೈ ಕಳೆದುಕೊಂಡ ಯಶೋದಮ್ಮನವರು ‘ಸುರಕ್ಷಿತ ಕಟ್ಟಡವನ್ನು ತೊರೆದು ಬಯಲಿಗೆ ಬಂದು, ಸ್ವಂತ ನಿರ್ಲಕ್ಷ್ಯದಿಂದ ಗಾಯಗೊಂಡರು’ ಎಂದೂ ತೀರ್ಮಾನಿಸಿದ್ದೀರಿ. ಆಕೆ ಯಾವ ಬಯಲಿಗೆ ಓಡಿಬಂದರೋ ಆ ಬಯಲಿನಲ್ಲಿದ್ದ ಹಗೇವಿನ ಬಾಯಿಗೆ ಕಾಂಕ್ರೀಟು ಸುರಿಸಿ ಮುಚ್ಚಿದವರು ತಾವೇ ಎಂಬ ಸಂಗತಿ ಮಾತ್ರ ತಮ್ಮ ವರದಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ವರದಿಗೆ ಜಾಗ ಸಾಲದೆ ಹೋಗಿರಬಹುದು. ಬರುವ ಯುಗಾದಿಯೊಳಗೆ ಆ ಬಾಯಿಯನ್ನು ಮತ್ತೆ ತೆಗೆಸಿಕೊಡಬೇಕೆಂದು ಕೇಳುವುದಕ್ಕೆ ಈ ಪತ್ರವನ್ನು ಬರೆಯುತ್ತಿದ್ದೇನೆ. ಒಂದೇ ವಾಕ್ಯದಲ್ಲಿ ಮುಗಿಸಬಹುದಾಗಿತ್ತು. ಆದರೆ ತಮ್ಮ ಕಚೇರಿಗೆ ಒಂದು ವಾಕ್ಯದಲ್ಲಿ ಬರೆದ ಮೂರು ಅರ್ಜಿಗಳಿಗೆ ಉತ್ತರ ಬರಲಿಲ್ಲವಾದ್ದರಿಂದ, ಈ ಸಲ ವಿಸ್ತಾರವಾಗಿ, ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ಹಗೇವೆಂದರೇನೆಂದು ಅರಿಯದ ಕಿರಿಯರು ಈಗ ಬಹಳ. ಅದು ನೆಲದೊಳಗಿನ ಕಣಜ. ಹಿಂದೆ ಕಣದ ಮಗ್ಗುಲಿನ ಗಟ್ಟಿ ನೆಲದಲ್ಲಿ ಗುಡಾಣದ ಆಕಾರಕ್ಕೆ ತೋಡಿ, ಒಳಗೋಡೆಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಅದರೊಳಗೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಗಾಳಿ ಕೆಡುತ್ತದೆ. ಆದುದರಿಂದ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ದೀಪ ಉರಿಯುತ್ತಿದ್ದರೆ ಇಳಿಯಬಹುದು, ಆರಿದರೆ ಕಾಯಬೇಕು. ದೊಡ್ಡನೆಕ್ಕುಂದಿಗೂ ಕೃಷ್ಣರಾಜಪುರಕ್ಕೂ ನಡುವೆ ಇರುವ ನಮ್ಮ ಪಾಳ್ಯಕ್ಕೆ ಹೆಸರು ಬಂದದ್ದೇ ಆ ಕಣದಿಂದ. ಕಣವಿದ್ದ ಬಯಲು ಮುನೇಶ್ವರನ ಕಟ್ಟೆಯ ಮುಂದೆ ಇನ್ನೂ ಒಂದಿಷ್ಟು ಉಳಿದಿದೆ. ದೇವರಿಗೆ ಅಂಜಿಯೋ, ವ್ಯಾಜ್ಯಕ್ಕೆ ಅಂಜಿಯೋ, ಅಲ್ಲಿ ಇದುವರೆಗೂ ಯಾರೂ ಅಪಾರ್ಟ್‌ಮೆಂಟು ಎಬ್ಬಿಸಿಲ್ಲ.

ಈಗ ಮೊದಲನೆಯ ಗಾಳಿಯ ವಿಷಯ. ಅದು ಹಿಂದಿನ ವಿಶ್ವಾವಸು ಸಂವತ್ಸರ, ತಮ್ಮ ಲೆಕ್ಕದಲ್ಲಿ ಸಾವಿರದ ಒಂಬೈನೂರ ಅರವತ್ತೈದು. ಆಗಲೂ ವೈಶಾಖವೇ, ಆಗಲೂ ಮಧ್ಯಾಹ್ನವೇ. ಶಿವಾಜಿನಗರದ ಧಾನ್ಯದ ವ್ಯಾಪಾರಿ ಕಲೀಮುಲ್ಲಾ ಸಾಹೇಬರು ಬೆಳಗಿನಿಂದ ಗಾಡಿ ಹೂಡಿಕೊಂಡು ಬಂದು ನಮ್ಮ ಪಾಳ್ಯದ ಯಂಕಮ್ಮನ ಹಗೇವನ್ನು ಬರಿದುಮಾಡಿಸುತ್ತಿದ್ದರು. ಯಂಕಮ್ಮ ಯಶೋದಮ್ಮನವರ ಅಜ್ಜಿ. ರಾಗಿಯಲ್ಲಿ ಕಲ್ಲಿದೆಯೆಂದು ಸಾಹೇಬರು, ಕಲ್ಲು ಸಾಹೇಬರ ಹಲ್ಲಿನಲ್ಲಿದೆಯೆಂದು ಯಂಕಮ್ಮ, ಇಬ್ಬರಿಗೂ ಬಿಸಿಲೇರುವ ಹೊತ್ತಿಗೆ ಜಗಳ ಹದಕ್ಕೆ ಬಂದಿತ್ತು. ಆಗ ಕೆರೆಯ ಆಚೆ ದಡದಲ್ಲಿ ಕಂದುಬಣ್ಣದ ಒಂದು ಕಂಬ ಎದ್ದು ನಿಂತಿತು. ನಿಂತದ್ದು ನಡೆಯತೊಡಗಿತು. ಕೆರೆಯ ನೀರಿಗೆ ಅದು ಕಾಲಿಟ್ಟಾಗ ನೀರು ಕಂಬದೊಳಗೆ ಮೇಲಕ್ಕೇರಿದ್ದನ್ನು ನಾನು ಈ ಕಣ್ಣುಗಳಿಂದ ಕಂಡಿದ್ದೇನೆ.

“ಸಾಬ್ರೇ, ಜಗಳ ಆಮ್ಯಾಕೆ ಆಡಾನ. ಹಗ್ಗ ಹಿಡ್ಕಳಿ,” ಎಂದಳು ಯಂಕಮ್ಮ.

“ಹಿಡ್ದೆ ಅಮ್ಮಾ. ಮೊದ್ಲು ಮಕ್ಳು.”

ಬೆಳಗಿನಿಂದ ತೆರೆದೇ ಇದ್ದ ಕಾರಣ ಹಗೇವಿನೊಳಗಿನ ಗಾಳಿ ಶುದ್ಧವಾಗಿತ್ತು, ರಾಗಿ ಹೊರಬಿದ್ದಿದ್ದರಿಂದ ಜಾಗವಿತ್ತು. ಅಷ್ಟು ದೈವಕೃಪೆ. ಕಣದಲ್ಲಿ ಆಡುತ್ತಿದ್ದ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಇಳಿಬಿಟ್ಟರು. ಯಶೋದಮ್ಮ ಆಗ ಸೊಂಟದ ಮೇಲೆ ಕೂರುವ ಕೂಸು. ನನಗೆ ಮೀಸೆ ಮೂಡುವ ಭ್ರಮೆ ಇದ್ದುದರಿಂದ ನಾನು ಮೇಲೆಯೇ ಉಳಿಯುವೆನೆಂದೆ. ಯಂಕಮ್ಮ ನನ್ನ ಕಿವಿ ಹಿಡಿದು, “ನೀನು ದೊಡ್ಡ ಗಂಡ್ಸು ಅಂತ ಆ ಗಾಳಿಗೆ ಯೋಳ್ಬುಟ್ಟು ಬಂದಿದ್ದೀಯೇನ್ಲಾ? ಇಳಿ,” ಎಂದು ನೂಕಿದಳು. ಕೊನೆಯಲ್ಲಿ ಅವರಿಬ್ಬರೂ ಇಳಿದರು. ಒಳಗಿನಿಂದ ನೋಡಿದರೆ ಆಕಾಶ ಒಂದು ರೊಟ್ಟಿಯಷ್ಟಿತ್ತು. ಅದು ಹಳದಿಯಾಯಿತು, ಕಂದಾಯಿತು, ಆಮೇಲೆ ಇಲ್ಲವೇ ಆಯಿತು. ಕಿವಿಗಳು ಕಟ್ಟಿಕೊಂಡವು. ಆ ಕತ್ತಲೆಯಲ್ಲಿ ಯಂಕಮ್ಮನೂ ಸಾಹೇಬರೂ ರಾಗಿಯ ಕಲ್ಲಿನ ಜಗಳವನ್ನು ಬಿಟ್ಟ ಕಡೆಯಿಂದಲೇ ಮುಂದುವರಿಸಿದರು. ಮಕ್ಕಳ ಅಳು ನಿಂತದ್ದು ಅದರಿಂದ. ದೊಡ್ಡವರು ಜಗಳವಾಡುತ್ತಿದ್ದಾರೆಂದರೆ ಲೋಕ ಇನ್ನೂ ಇದೆಯೆಂದು ಅರ್ಥ.

ಮೇಲೆ ಬಂದಾಗ ಕಣದ ತುಂಬ ಕೆರೆಯ ಮೀನು ಬಿದ್ದಿತ್ತು. ಹುಲ್ಲಿನ ಬಣವೆ, ಗುಡಿಸಲುಗಳ ಮಾಡು, ಸಾಹೇಬರ ಗಾಡಿ ಯಾವುದೂ ಇದ್ದಲ್ಲಿರಲಿಲ್ಲ. ಮನೆಯೊಳಗಿರುವುದೇ ಭದ್ರವೆಂದು ಒಳಗುಳಿದವರಲ್ಲಿ ನನ್ನ ತಂದೆಯವರೂ ಇದ್ದರು. ಗೋಡೆ ಅವರ ಮೇಲೆ ಕುಳಿತಿತ್ತು. ಇದನ್ನು ಕರುಣೆಗಾಗಿ ಹೇಳುತ್ತಿಲ್ಲ, ತಮ್ಮ ವರದಿಯ ‘ಸುರಕ್ಷಿತ ಕಟ್ಟಡ’ ಎಂಬ ಮಾತು ನಮ್ಮ ಪಾಳ್ಯದ ಕಿವಿಗೆ ಹೇಗೆ ಕೇಳಿಸುತ್ತದೆಂಬುದನ್ನು ತಿಳಿಸುವುದಕ್ಕಾಗಿ ಹೇಳಿದೆ.

ಅಂದಿನಿಂದ ಆ ಹಗೇವಿಗೆ ಯಾರೂ ಒಂದು ಕಾಳು ರಾಗಿ ತುಂಬಲಿಲ್ಲ. ಚಪ್ಪಡಿಯ ಬದಲು, ಹೆಂಗಸರೂ ಎತ್ತಬಹುದಾದ ಹಲಸಿನ ಹಲಗೆಯ ಮುಚ್ಚಳ ಬಂತು. ಪ್ರತಿ ಯುಗಾದಿಯ ಮಾರನೆಯ ದಿನ ಕಲೀಮುಲ್ಲಾ ಸಾಹೇಬರ ಮನೆಯವರು ಕಂದೀಲು ತರುತ್ತಾರೆ, ಈಚೆಗೆ ಅವರ ಮೊಮ್ಮಗ ಮುನಾವರ್ ತರುತ್ತಾನೆ. ಯಂಕಮ್ಮನ ಮನೆಯವರು ಮುಚ್ಚಳ ಎತ್ತುತ್ತಾರೆ. ಕಂದೀಲು ಇಳಿಯುತ್ತದೆ, ಉರಿಯುತ್ತಿದ್ದರೆ ಮುನೇಶ್ವರನಿಗೆ ಕಾಯಿ ಒಡೆಯುತ್ತೇವೆ. ಆಮೇಲೆ ಪಾಳ್ಯದ ಮಕ್ಕಳನ್ನೆಲ್ಲ ಅವರವರ ಮನೆಯ ಬಾಗಿಲಿನಲ್ಲಿ ನಿಲ್ಲಿಸಿ, ‘ಗಾಳಿ ಬಂತು’ ಎಂದು ಕೂಗುತ್ತೇವೆ. ಮೊದಲು ಹಗೇವಿನ ಬಾಯಿ ಮುಟ್ಟಿದವರಿಗೆ ಹಿಂದಿನ ದಿನದ ಒಬ್ಬಟ್ಟು. ತಾವು ಕವಾಯತು, ಸೀಟಿ, ಹಳದಿ ಅಂಗಿ ಇಟ್ಟುಕೊಂಡು ಮಾಡಿಸುವ ‘ಅಣಕು ಕಾರ್ಯಾಚರಣೆ’ ಇದೇ. ನಮ್ಮದರಲ್ಲಿ ತುಪ್ಪ ಹೆಚ್ಚು.

ಹೋದ ಸಂವತ್ಸರದಲ್ಲಿ, ಎಂದರೆ ಎರಡನೆಯ ಗಾಳಿಗೆ ಮುಂಚಿನ ಮಳೆಗಾಲದಲ್ಲಿ, ತಮ್ಮ ಕಚೇರಿಯ ಕಿರಿಯ ಎಂಜಿನಿಯರೊಬ್ಬರು ಕಾಂಕ್ರೀಟು ಕಲಸುವ ಯಂತ್ರದೊಡನೆ ಬಂದರು. ಸಜ್ಜನ. ನನ್ನನ್ನು ಕೂರಿಸಿ, ನಿಂತೇ ಮಾತನಾಡಿದರು. “ಅಂಕಲ್, ಓಪನ್ ಗುಂಡಿ ಅಂತ ಕಂಪ್ಲೇಂಟ್ ಬಂದಿದೆ. ಯಾರಾದ್ರೂ ಬಿದ್ರೆ ನಮ್ಮ ತಲೆಗೆ ಬರತ್ತೆ,” ಎಂದರು. ಓಪನ್ ಅಲ್ಲ, ಮುಚ್ಚಳವಿದೆ ಎಂದೆ. ಇಷ್ಟು ಕಾಲದಲ್ಲಿ ಒಬ್ಬರೂ ಬಿದ್ದಿಲ್ಲವೆಂದೆ. ಅದಕ್ಕೆ ಅವರು, “ಬೀಳೋವರೆಗೂ ಕಾಯೋಕಾಗಲ್ಲ ಅಲ್ವಾ?” ಎಂದರು. ಆ ಮಾತಿನಲ್ಲಿ ನ್ಯಾಯವಿತ್ತು, ನಾನು ದಾರಿ ಬಿಟ್ಟೆ. ಈಗ ಅದೇ ನ್ಯಾಯವನ್ನು ತಮ್ಮ ಮುಂದಿಡುತ್ತಿದ್ದೇನೆ. ಮನುಷ್ಯ ಬೀಳುವವರೆಗೂ ಕಾಯಬಾರದೆಂದರೆ ಗಾಳಿ ಬೀಸುವವರೆಗೂ ಕಾಯಬಾರದಲ್ಲವೇ?

ಸಂಜೆಯೊಳಗೆ ಕೆಲಸ ಮುಗಿಯಿತು. ನಮ್ಮ ರಸ್ತೆಯ ಗುಂಡಿಗಳನ್ನು ಮುಚ್ಚಿಸಲು ಎರಡು ಚುನಾವಣೆಗಳಿಂದ ಓಡಾಡುತ್ತಿರುವ ನಾನು, ನಗರಾಡಳಿತ ಒಂದು ಗುಂಡಿಯನ್ನು ಅರ್ಧ ದಿನದಲ್ಲಿ ಮುಚ್ಚಿದ್ದನ್ನು ಅಂದು ಮೊದಲ ಬಾರಿಗೆ ಕಂಡೆ. ಅದು ಊರಿನಲ್ಲಿ ಮುಚ್ಚಬಾರದಿದ್ದ ಒಂದೇ ಗುಂಡಿ.

ಬಂದ ಯುಗಾದಿಯ ಮಾರನೆಯ ದಿನ ಮುನಾವರ್ ಎಂದಿನಂತೆ ಕಂದೀಲು ಹಿಡಿದು ಬಂದ. ಕಾಂಕ್ರೀಟಿನ ಮೇಲೆ ಅದನ್ನು ಇಟ್ಟ. “ಏನ್ ಮಾಡೋದು ಚಾಚಾ, ವಾಪಸ್ ತಗೊಂಡ್ ಹೋಗ್ಲಾ?” ಎಂದು ಕೇಳಿದ. ಮಕ್ಕಳನ್ನು ಓಡಿಸಲಿಲ್ಲ. ಒಬ್ಬಟ್ಟನ್ನು ಓಡದೆಯೇ ತಿಂದರು. ಅದಾಗಿ ತಿಂಗಳು ಕಳೆದು ವೈಶಾಖ ಬರುತ್ತಲೇ ಎರಡನೆಯ ಗಾಳಿ ಬಂತು.

ಎರಡನ್ನೂ ಕಂಡವರು ಪಾಳ್ಯದಲ್ಲಿ ಈಗ ಕೆಲವರೇ ಇರುವುದರಿಂದ, ತುಲನೆಯ ಭಾರ ನನ್ನ ಮೇಲೆ ಬಿದ್ದಿದೆ. ಮೊದಲನೆಯದು ಕೆರೆಯ ಮೇಲಿನಿಂದ ಬಂತು, ಎರಡನೆಯದೂ ಅಲ್ಲಿಂದಲೇ ಬಂತು, ಕೆರೆ ಅಷ್ಟರಲ್ಲಿ ಅರ್ಧಕ್ಕಿಳಿದಿದ್ದರಿಂದ ಮೀನು ಬೀಳಲಿಲ್ಲ ಅಷ್ಟೆ. ಮೊದಲನೆಯದು ಕಣ, ಕಟ್ಟೆ, ಪಡುವಲ ಕೇರಿ ಎಂದು ಒಂದು ಗೆರೆ ಎಳೆದುಕೊಂಡು ಹೋಯಿತು, ಗೆರೆಯ ಆಚೆ ಒಣಗಹಾಕಿದ್ದ ಸೀರೆ ಕೂಡ ಅಲುಗಲಿಲ್ಲ. ಎರಡನೆಯದೂ ಅದೇ ಗೆರೆಯನ್ನು ತಿದ್ದಿಕೊಂಡು ಹೋಯಿತು. ಮುನೇಶ್ವರನ ಬೇವಿನ ಮರದ ಕೊಂಬೆಗಳನ್ನು ಎರಡೂ ಒಂದೇ ಕಡೆಗೆ ತಿರುಚಿವೆ, ಹಳೆಯ ಗಂಟಿನ ಮೇಲೆ ಹೊಸ ಗಾಯವಿದೆ, ತಾವು ಬಂದರೆ ತೋರಿಸುವೆ. ಆಗ ಹಾರಿದ್ದು ಹುಲ್ಲು, ಈಗ ಹಾರಿದ್ದು ತಗಡು. ಹುಲ್ಲು ಮೈಮೇಲೆ ಬಿದ್ದರೆ ಕೆರೆತ. ತಗಡು ಬಿದ್ದರೆ ಏನೆಂದು ಯಶೋದಮ್ಮನವರನ್ನು ಕೇಳಬೇಕು. ಇನ್ನೊಂದು ಭೇದವನ್ನೂ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಮೊದಲನೆಯ ಸಲ ಎಚ್ಚರಿಸುವುದಕ್ಕೆ ಯಂಕಮ್ಮನ ಕೂಗಿನ ಹೊರತು ಏನೂ ಇರಲಿಲ್ಲ. ಈ ಸಲ ಎಲ್ಲರ ಮೊಬೈಲಿಗೂ ತಮ್ಮ ಸಂದೇಶ ಬಂತು. ‘ಕೂಡಲೇ ಸುರಕ್ಷಿತ ಸ್ಥಳಕ್ಕೆ ತೆರಳಿ’ ಎಂದಿತ್ತು. ನಾವು ಆಗ ಬೀದಿಯಿಂದ ಒಡೆದ ಗಾಜು ಗುಡಿಸುತ್ತಿದ್ದೆವು.

ಯಶೋದಮ್ಮನವರ ವಠಾರದಲ್ಲಿ ತಾರಸಿಯ ಮನೆ ಒಂದಿದೆ, ಅದರಲ್ಲಿ ಆಕೆ ಇರುತ್ತಾರೆ. ಅದರ ಎದುರು ತಗಡಿನ ಮಾಡಿನ ಬಾಡಿಗೆ ಕೋಣೆಗಳು. ಒಂದರಲ್ಲಿ ಮೋನಿಷಾ ಎಂಬ ಹುಡುಗಿ ಇದ್ದಾಳೆ. ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ರಾತ್ರಿ ಪಾಳಿ, ಹಗಲು ನಿದ್ರೆ. ಕೆರೆಯ ಕಡೆ ಕಂಬ ಎದ್ದದ್ದನ್ನು ಕಂಡ ಯಶೋದಮ್ಮ ಆ ಕೋಣೆಯ ಬಾಗಿಲನ್ನು ಬಡಿದರು, ಒದ್ದರು, ಒಳಗೆ ನುಗ್ಗಿ ಆಕೆಯ ಕೈ ಹಿಡಿದು ಎಳೆದುಕೊಂಡು ಓಡಿದರು. ಓಡಿದ್ದು ಎಲ್ಲಿಗೆ? ಎದುರಿಗಿದ್ದ ತಾರಸಿಯ ಮನೆಗಲ್ಲ. ಕಣದ ಬಯಲಿಗೆ, ಹಗೇವಿಗೆ. ಅಲ್ಲಿ ಬಾಯಿ ಇರಲಿಲ್ಲ. ಹಿಂದಿರುಗುವ ಹೊತ್ತೂ ಇರಲಿಲ್ಲ. ಮೋನಿಷಾಳನ್ನು ತಾವು ಸುರಿಸಿದ ಕಾಂಕ್ರೀಟಿನ ಮೇಲೆ ಮಲಗಿಸಿ, ಯಶೋದಮ್ಮ ಅವಳ ಮೇಲೆ ಮಲಗಿದರು. ಯಾರದೋ ಮಾಡಿನ ತಗಡು ಬಂದು ಆಕೆಯ ಬಲ ಮೊಣಕೈಯ ಕೆಳಗೆ ಹೊಡೆಯಿತು. ಗಾಳಿ ಹೋದ ಮೇಲೆ ನೋಡಿದರೆ ಮೋನಿಷಾಳ ಕೋಣೆಗೆ ಮಾಡೂ ಇರಲಿಲ್ಲ, ಮಂಚವೂ ಇರಲಿಲ್ಲ. ತಾರಸಿಯ ಮನೆ ಮಾತ್ರ ಇಟ್ಟಂತೆಯೇ ಇತ್ತು, ಒಲೆಯ ಮೇಲಿನ ಹಾಲು ಕೂಡ ಚೆಲ್ಲಿರಲಿಲ್ಲ.

ಆದುದರಿಂದ ತಮ್ಮ ವರದಿಯ ಆ ವಾಕ್ಯದಲ್ಲಿ ಅಕ್ಷರಶಃ ಸುಳ್ಳಿಲ್ಲ. ಅದನ್ನು ನಾನು ಒಪ್ಪುತ್ತೇನೆ. ಆಸ್ಪತ್ರೆಯಲ್ಲಿ ನಾನೇ ಆಕೆಯನ್ನು ಕೇಳಿದೆ. ಬಾಯಿ ಮುಚ್ಚಿದಾಗ ನೀನೂ ಅಲ್ಲೇ ನಿಂತು ನೋಡಿದೆಯಲ್ಲ ತಾಯಿ, ನಿನಗೆ ಗೊತ್ತಿರಲಿಲ್ಲವೇ ಎಂದೆ.

“ನಂಗೆ ಗೊತ್ತಿತ್ತಣ್ಣ. ಕಾಲಿಗೆ ಗೊತ್ತಿರ್ಲಿಲ್ಲ,” ಎಂದರು.

ಪಕ್ಕದಲ್ಲಿ ಕುಳಿತಿದ್ದ ಮೋನಿಷಾ ಅಳುತ್ತ, “ಆಂಟಿ, ನನ್ನ ಯಾಕೆ ಎಬ್ಬಿಸೋಕೆ ಬಂದ್ರಿ? ನೀವು ನಿಮ್ಮ ಪಾಡಿಗೆ ಒಳಗೇ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ,” ಎಂದಳು.

“ನೀನು ಹಾರ್ಕೊಂಡು ಹೋಗ್ಬುಟ್ರೆ ಬಾಡಿಗೆ ಗಾಳಿ ಕೊಡ್ತದಾ? ಸುಮ್ಕೆ ಕಾಫಿ ಕುಡಿ.”

ಇದು ತಮ್ಮ ವರದಿಯ ‘ನಿರ್ಲಕ್ಷ್ಯ’. ಶಾಸ್ತ್ರಗಳಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ. ಅವು ತಮ್ಮ ನಮೂನೆಯಲ್ಲಿ ಹಿಡಿಸಲಾರವು.

ನಮ್ಮ ಪದ್ಧತಿಯಲ್ಲಿ ದೋಷವಿಲ್ಲವೆಂದು ನಾನು ವಾದಿಸುವುದಿಲ್ಲ. ಹುಲ್ಲಿನ ಮಾಡು, ಮಣ್ಣಿನ ಗೋಡೆಗಳ ಕಾಲದಲ್ಲಿ ಕಲಿತ ಓಟವನ್ನು ತಾರಸಿಯ ಕಾಲದಲ್ಲೂ ಹಾಗೆಯೇ ಕಲಿಸಿದೆವು. ತಾರಸಿಯುಳ್ಳವರು ಒಳಗೇ ಇರಬೇಕೆಂದು ನಾವು ಹೇಳಿಕೊಡಬೇಕಾಗಿತ್ತು. ಇನ್ನು ಮುಂದೆ ಹೇಳಿಕೊಡುತ್ತೇವೆ. ಆದರೆ ತಾರಸಿ ಇಲ್ಲದವರು? ನಮ್ಮ ಪಾಳ್ಯದಲ್ಲಿ ಅರ್ಧಕ್ಕರ್ಧ ತಗಡಿನ ಕೋಣೆಗಳೇ. ನಗರದ ಪೂರ್ವಭಾಗದ ಗಾಜಿನ ಕಟ್ಟಡಗಳನ್ನು ಗುಡಿಸುವವರು, ಕಾಯುವವರು, ಅವುಗಳಲ್ಲಿ ರಾತ್ರಿಯಿಡೀ ಫೋನು ಎತ್ತುವವರು ಎಲ್ಲರೂ ಆ ತಗಡಿನ ಕೋಣೆಗಳೊಳಗೆ ಮಲಗುತ್ತಾರೆ. ಗಾಳಿಯ ಕಂಬ ಕಂಡಾಗ ಅವರು ಎಲ್ಲಿಗೆ ಹೋಗಬೇಕು? ‘ಸುರಕ್ಷಿತ ಸ್ಥಳ’ ಎಂದರೆ ಯಾವ ಬೀದಿ, ಯಾವ ಬಾಗಿಲು? ನಮ್ಮಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿತ್ತು. ಅದರ ಮೇಲೆ ತಮ್ಮ ಕಾಂಕ್ರೀಟಿದೆ.

ಈ ಪ್ರಶ್ನೆ ಕೇಳಲೆಂದೇ ನಾವು ಕೆಲವರು ತಮ್ಮನ್ನು ಕಂಡೆವು. ತಾವು ಶಾಂತವಾಗಿ ಕೇಳಿಸಿಕೊಂಡಿರಿ, ಅದಕ್ಕೆ ಕೃತಜ್ಞನು. ಕೊನೆಗೆ, ಈ ಪ್ರದೇಶದಲ್ಲಿ ಹಿಂದೆ ಸುಂಟರಗಾಳಿ ಬೀಸಿದ್ದಕ್ಕೆ ರೆಕಾರ್ಡ್ ಇದೆಯೇ ಎಂದಿರಿ. ನಾನೇ ಇದ್ದೇನೆ, ಯಶೋದಮ್ಮ ಇದ್ದಾರೆ ಎಂದೆ. “ಅಜ್ಜಾರೇ, ಜನ ರೆಕಾರ್ಡ್ ಆಗಲ್ಲ,” ಎಂದಿರಿ. ನಿಜ, ಜನ ಅಷ್ಟು ಕಾಲ ಬಾಳುವುದಿಲ್ಲ. ಆದರೆ ತಾವು ಅಲ್ಲಿಂದ ಮುಂದೆ ಕಟ್ಟಿದ ತರ್ಕವನ್ನು ಮೆಚ್ಚದೆ ಇರಲಾರೆ. ದಾಖಲೆ ಇಲ್ಲದ್ದರಿಂದ ಮೊದಲನೆಯ ಸುಂಟರಗಾಳಿ ಬೀಸಲೇ ಇಲ್ಲ. ಮೊದಲನೆಯದು ಬೀಸದ ಊರಿನಲ್ಲಿ ಎರಡನೆಯದು ಬೀಸುವ ಸಂಭವವಿಲ್ಲ, ಆದುದರಿಂದ ಅದು ಬಲಗಾಳಿ. ಅದನ್ನು ಬಲಗಾಳಿಯೆಂದು ದಾಖಲಿಸಿದ್ದರಿಂದ, ನಾಳೆ ಮೂರನೆಯದು ಬಂದಾಗಲೂ ಹಿಂದಿನ ದಾಖಲೆ ಇರುವುದಿಲ್ಲ. ವಾಯುವನ್ನು ನಿಗ್ರಹಿಸಲು ಯೋಗಿಗಳು ಜನ್ಮವೆಲ್ಲ ಕುಂಭಕ ಮಾಡುತ್ತಾರೆ. ತಾವು ಕುರ್ಚಿಯಿಂದ ಏಳದೆ ಸಾಧಿಸಿದಿರಿ.

ಪಾಳ್ಯದಲ್ಲಿ ಇನ್ನೊಂದು ತರ್ಕವೂ ನಡೆದಿದೆ. ಸಂವತ್ಸರ ಮರಳಿ ಬಂತು, ಅದರೊಡನೆ ಗಾಳಿಯೂ ಮರಳಿ ಬಂತು, ಇನ್ನು ಅರವತ್ತು ವರ್ಷ ಭಯವಿಲ್ಲ ಎನ್ನುತ್ತಾರೆ. ನಾನು ದಿನವೂ ಪಂಚಾಂಗ ನೋಡುವವನು, ಮುನೇಶ್ವರನಿಗೆ ಕೈಮುಗಿಯದೆ ನೀರು ಕುಡಿಯದವನು. ಆದರೂ ಇದನ್ನು ನಂಬುವುದಿಲ್ಲ. ಪರಮಾತ್ಮನಿಗೆ ಹವಾಮಾನದ ಗುಮಾಸ್ತಿಕೆ ಹೊರಿಸುವುದು ಭಕ್ತಿಯಲ್ಲ. ಗೋಕುಲದ ಕೂಸನ್ನು ಸುಳಿಗಾಳಿಯೊಂದು ಎತ್ತಿಕೊಂಡು ಹೋದಾಗ, ಕೂಸು ತಾನೇ ಬೆಟ್ಟದಂತೆ ಭಾರವಾಗಿ ಆ ಗಾಳಿಯನ್ನು ನೆಲಕ್ಕೆ ಕೆಡವಿತೆಂದು ಹಿರಿಯರು ಹೇಳುವುದನ್ನು ಕೇಳುತ್ತ ಬೆಳೆದಿದ್ದೇನೆ, ಕಟ್ಟೆಯ ಮೇಲೆ ಕುಳಿತು ಕಿರಿಯರಿಗೆ ನಾನೂ ಹೇಳುತ್ತ ಬಂದಿದ್ದೇನೆ. ಅದು ದೇವರ ಕೂಸು. ನಮ್ಮ ಕೂಸುಗಳು ಭಾರವಾಗುವುದಿಲ್ಲ. ಅವಕ್ಕೆ ಹಗೇವು ಬೇಕು.

ಇಷ್ಟಾಗಿ, ಆ ಕಾಂಕ್ರೀಟಿನ ಮೇಲೆಯೇ ತಾವು ‘ವಿಪತ್ತು ಜಾಗೃತಿ ಮಂಟಪ’ವೊಂದನ್ನು ನಿಲ್ಲಿಸುವಿರೆಂದು ಕಟ್ಟೆಯ ಬಳಿ ಫಲಕ ಬಂದಿದೆ. ಫಲಕದ ಚಿತ್ರದಲ್ಲಿ ಗಾಜಿನ ಗೋಡೆಯಿದೆ, ತಗಡಿನ ಮಾಡಿದೆ. ಸುಂಟರಗಾಳಿಗೆ ಏನೇನು ಪ್ರಿಯವೆಂದು ಬಲ್ಲವರು ಯಾರೋ ಅದನ್ನು ರಚಿಸಿದಂತಿದೆ. ಒಳಗೆ ನಮಗೆ ಜಾಗೃತಿ ಮೂಡಿಸುವ ಚಿತ್ರಗಳನ್ನು ಹಾಕುವಿರಂತೆ. ಪೀಠ ಏಳಲು ಪ್ರಾರಂಭವಾದರೆ ಕೆಳಗಿನ ಬಾಯಿ ಎಂದೆಂದಿಗೂ ಹೋಯಿತು. ಮಂಟಪ ಬೇಕಿದ್ದರೆ ಕಟ್ಟಿ, ನಮ್ಮ ವಿರೋಧವಿಲ್ಲ. ನಾಲ್ಕು ಮಾರು ಸರಿದು ಕಟ್ಟಿ.

ನಮ್ಮ ಬೇಡಿಕೆಯನ್ನು ಬರೆಯುವ ಮೊದಲು ಯಶೋದಮ್ಮನವರಿಗೆ ಈ ಪತ್ರವನ್ನು ಓದಿ ಹೇಳಿದೆ. ‘ನಿರ್ಲಕ್ಷ್ಯ’ ಎಂಬ ಮಾತನ್ನು ವರದಿಯಿಂದ ತೆಗೆಯಬೇಕೆಂದು ಮೊದಲ ಬೇಡಿಕೆಯಾಗಿ ಬರೆದಿದ್ದೆ. ಆಕೆ ಎಡಗೈಯಲ್ಲಿ ಕೊತ್ತಂಬರಿ ಬಿಡಿಸುವುದನ್ನು ಅಭ್ಯಾಸ ಮಾಡುತ್ತಿದ್ದರು. “ಅವ್ರು ಏನಾನ ಬರ್ಕೊಳ್ಳಲಿ ಬಿಡಣ್ಣ. ನನ್ ಕೈಯೇನು ಅದ್ರಿಂದ ವಾಪಸ್ ಬತ್ತದಾ? ಬಾಯಿ ತೆಗ್ಸು, ಸಾಕು,” ಎಂದರು. ಆದುದರಿಂದ ಆ ಬೇಡಿಕೆಯನ್ನು ಹೊಡೆದುಹಾಕಿದ್ದೇನೆ. ಉಳಿದದ್ದು ಒಂದೇ. ಕಾಂಕ್ರೀಟನ್ನು ಒಡೆಸಿ. ಭದ್ರವಾದ, ಹೆಂಗಸರೂ ಎತ್ತಬಹುದಾದ ಮುಚ್ಚಳವನ್ನು ತಾವೇ ಮಾಡಿಸಿ, ಮಕ್ಕಳು ಬೀಳದಂತೆ ಸುತ್ತ ಕಟ್ಟೆ ಕಟ್ಟಿಸಿ, ಬೇಕಿದ್ದರೆ ಅದರ ಮೇಲೆ ತಮ್ಮ ಇಲಾಖೆಯ ಹೆಸರನ್ನೂ ಬರೆಸಿ.

ಒಡೆಸುವುದು ಸಾಧ್ಯವಿಲ್ಲವೆಂದಾದರೆ, ಬೇರೆ ಕೆಲಸವೊಂದನ್ನು ಮಾಡಿ. ಮುಂದಿನ ವೈಶಾಖಕ್ಕೆ ಮೊದಲು ನಮ್ಮ ಪಾಳ್ಯಕ್ಕೆ ಬಂದು, ಯಶೋದಮ್ಮನವರ ಕಾಲಿಗೆ, ನನ್ನ ಕಾಲಿಗೆ, ಒಬ್ಬಟ್ಟಿನ ಆಸೆಗೆ ಓಡಿ ಬೆಳೆದ ಎಲ್ಲರ ಕಾಲಿಗೂ, ಅಲ್ಲಿ ಬಾಯಿ ಇಲ್ಲವೆಂದು ತಿಳಿಯಹೇಳಿ. ನಾವು ಹೇಳಿ ನೋಡಿದ್ದೇವೆ. ಅವು ಕೇಳುವುದಿಲ್ಲ.

ಯುಗಾದಿಯ ಮಾರನೆಯ ಬೆಳಗ್ಗೆ ಮುನಾವರ್ ಶಿವಾಜಿನಗರದಿಂದ ಕಂದೀಲು ತರುತ್ತಾನೆ. ತಾವೂ ಬನ್ನಿ. ಕಾಯಿಯನ್ನು ನಾವು ತಂದಿರುತ್ತೇವೆ, ಒಬ್ಬಟ್ಟೂ ಇರುತ್ತದೆ. ಹಗ್ಗವನ್ನು ಈ ಸಲ ಯಶೋದಮ್ಮ ಹಿಡಿಯುವುದೆಂದು ಆಗಿದೆ. ಇರುವ ಒಂದು ಕೈಗೆ ಅಷ್ಟು ಭಾರ ಸಾಕು. ಇಳಿಸುವುದಕ್ಕೆ ಜಾಗ ಮಾತ್ರ ತಾವು ಕೊಡಬೇಕು.

ಇಂತಿ,
ಹಿಂದೊಮ್ಮೆ ಕಿವಿ ಹಿಂಡಿಸಿಕೊಂಡು ಆ ಹಗೇವಿಗಿಳಿದು ಬದುಕಿದ, ದಾಖಲೆಯಲ್ಲದ
ಚಿಕ್ಕಮುನಿಯಪ್ಪ
ಕಣದಪಾಳ್ಯ